ಅಮೃತಸರಕ್ಕೆ ಹೋದಾಗ 1984ನ್ನ ಅಲ್ಲೇ ನಿಂತು ಅರ್ಥ ಮಾಡ್ಕೊಳ್ಳೋದು ಹೇಗೆ

ನಮ್ ಕಡೆಯಿಂದ ಅಮೃತಸರಕ್ಕೆ ಹೋಗೋರ ಪ್ಲಾನ್ ಹೆಚ್ಚುಕಮ್ಮಿ ಒಂದೇ ಥರ ಇರತ್ತೆ. ಬೆಳಿಗ್ಗೆ ಗೋಲ್ಡನ್ ಟೆಂಪಲ್, ಪಕ್ಕದಲ್ಲೇ ಜಲಿಯನ್‌ವಾಲಾ ಬಾಗ್, ಮಧ್ಯಾಹ್ನ ಕುಲ್ಚಾ, ಸಂಜೆ ವಾಘಾ ಬಾರ್ಡರ್, ಮುಗೀತು. 1984ರ ಜೂನ್‌ನಲ್ಲಿ ಗೋಲ್ಡನ್ ಟೆಂಪಲ್ ಒಳಗೆ ಆರ್ಮಿ ನುಗ್ಗಿದ ಆಪರೇಷನ್ ಬ್ಲೂ ಸ್ಟಾರ್‌ನಲ್ಲಿ ಏನಾಯ್ತು ಅಂದ್ರೆ "ಒಳಗೆ ಟೆರರಿಸ್ಟ್‌ಗಳು ಸೇರ್ಕೊಂಡಿದ್ರು, ಇಂದಿರಾ ಗಾಂಧಿ ಆರ್ಮಿ ಕಳ್ಸಿದ್ರು" ಅಂತ ಒಂದೇ ಲೈನ್‌ನಲ್ಲಿ ಹೇಳಿ ಮುಗಿಸ್ತಾರೆ. ಅಷ್ಟು ಮಾತ್ರ ಗೊತ್ತಿದ್ರೆ ಆ ಜಾಗದಲ್ಲಿ ನಿಂತ್ರೂ ಎದುರಿಗಿರೋದೇ ಕಾಣಲ್ಲ, ಅದಕ್ಕೇ ಇದನ್ನ ಬರೀತಿದೀನಿ. ಒಂದು ಅರ್ಧ ದಿನ ಜಾಸ್ತಿ ಇಟ್ಕೊಳಿ, ಸಾಕು.

ಮೊದಲನೇದು, ಜೂನ್ 1984ರಿಂದ ಶುರು ಮಾಡ್ಬೇಡಿ. ಹೋಗೋ ದಾರಿಲೇ ಸ್ವಲ್ಪ ಹಿಂದಿನ ಕಥೆ ತಲೆಗೆ ಹಾಕ್ಕೊಳಿ. ಭಾಷೆ ಆಧಾರದ ಪಂಜಾಬ್ ರಾಜ್ಯ ಆಗಿದ್ದು 1966ರ ನವೆಂಬರ್ 1ಕ್ಕೆ, ನಮ್ಮ ರಾಜ್ಯೋತ್ಸವದ ದಿನಾನೇ, ಆದ್ರೆ ನಮಗಿಂತ ಹತ್ತು ವರ್ಷ ಲೇಟಾಗಿ. ರಾಜ್ಯ ಸಿಕ್ತು, ಚಂಡೀಗಢ ಪೂರ್ತಿ ಸಿಗ್ಲಿಲ್ಲ, ನದಿ ನೀರಿನ ಹಂಚಿಕೆ ಜಗಳ ಹಾಗೇ ಉಳೀತು. ಕಾವೇರಿ ನೀರಿಗೆ ಮಂಡ್ಯದ ರೈತ ಬೀದಿಗೆ ಇಳಿಯೋದು ನೋಡಿದೋರಿಗೆ ಪಂಜಾಬಿನ ನೀರನ್ನ ಹರಿಯಾಣಕ್ಕೆ ಒಯ್ಯೋ ಸಟ್ಲೆಜ್-ಯಮುನಾ ಕಾಲುವೆ ಅಂದ್ರೆ ಅಲ್ಲಿಯೋರಿಗೆ ಯಾಕೆ ರಕ್ತ ಕುದಿಯತ್ತೆ ಅಂತ ಬೇರೆ ಹೇಳ್ಬೇಕಾಗಿಲ್ಲ. 1973ರಲ್ಲಿ ಸಿಖ್ಖರ ಪಕ್ಷ ಅಕಾಲಿದಳ ಆನಂದಪುರ ಸಾಹಿಬ್ ನಿರ್ಣಯ ಮಾಡ್ತು, ರಾಜ್ಯಗಳಿಗೆ ಹೆಚ್ಚು ಅಧಿಕಾರ ಕೊಡಿ ಅಂತ. 1982ರ ಆಗಸ್ಟ್‌ನಲ್ಲಿ ಅಕಾಲಿ ನಾಯಕ ಹರಚಂದ್ ಸಿಂಗ್ ಲೋಂಗೋವಾಲ್ ನಾಯಕತ್ವದಲ್ಲಿ ಧರ್ಮಯುದ್ಧ ಮೋರ್ಚಾ ಅನ್ನೋ ಚಳವಳಿ ಶುರುವಾಗಿ ಸಾವಿರಾರು ಜನ ಜೈಲಿಗೆ ಹೋದ್ರು.

ಇದರ ಪಕ್ಕದಲ್ಲೇ ಇನ್ನೊಂದು ಕಥೆ ನಡೀತಿತ್ತು. 1978ರ ಬೈಸಾಖಿ ದಿನ ಅಮೃತಸರದಲ್ಲಿ ನಿರಂಕಾರಿಗಳ (ಸಂಪ್ರದಾಯಸ್ಥ ಸಿಖ್ಖರು ಒಪ್ಪದ ಒಂದು ಪಂಥ) ಜೊತೆ ಘರ್ಷಣೆ ಆಗಿ 13 ಜನ ಸಿಖ್ಖರು ಸತ್ರು, ಸಿಖ್ ಧರ್ಮಪ್ರಚಾರಕ ಜರ್ನೈಲ್ ಸಿಂಗ್ ಭಿಂದ್ರನ್‌ವಾಲೆ ಹೆಸರು ದೊಡ್ಡದಾಗಿದ್ದು ಅಲ್ಲಿಂದ. 1980ರಲ್ಲಿ ನಿರಂಕಾರಿ ಮುಖ್ಯಸ್ಥ ಗುರುಬಚನ್ ಸಿಂಗ್, 1981ರಲ್ಲಿ ಪತ್ರಿಕೆ ಮಾಲೀಕ ಲಾಲಾ ಜಗತ್ ನಾರಾಯಣ್ ಕೊಲೆ. 1983ರ ಅಕ್ಟೋಬರ್‌ನಲ್ಲಿ ಉಗ್ರರು ಬಸ್ ನಿಲ್ಲಿಸಿ ಹಿಂದೂ ಪ್ರಯಾಣಿಕರನ್ನ ಬೇರೆ ಮಾಡಿ ಕೊಂದ್ರು, ಮಾರನೇ ದಿನಾನೇ ರಾಷ್ಟ್ರಪತಿ ಆಳ್ವಿಕೆ ಬಂತು. ಖಾಲಿಸ್ತಾನ್ ಅನ್ನೋ ಪ್ರತ್ಯೇಕ ಸಿಖ್ ದೇಶ ಬೇಕು ಅಂತ ಬಾಯಿಬಿಟ್ಟು ಕೇಳ್ತಿದ್ದೋರು ಲಂಡನ್‌ನಲ್ಲಿ ಕೂತಿದ್ದ ಜಗಜೀತ್ ಸಿಂಗ್ ಚೌಹಾಣ್ ಥರದೋರು. ಭಿಂದ್ರನ್‌ವಾಲೆ ಬೇಕು ಅಂತಾನೂ ಅನ್ಲಿಲ್ಲ ಬೇಡ ಅಂತಾನೂ ಅನ್ಲಿಲ್ಲ, ದರ್ಬಾರ್ ಸಾಹಿಬ್ (ಗೋಲ್ಡನ್ ಟೆಂಪಲ್) ಮೇಲೆ ಆರ್ಮಿ ಬಂದ್ರೆ ಅವತ್ತೇ ಅದಕ್ಕೆ ಅಡಿಪಾಯ ಬೀಳತ್ತೆ ಅಂತಿದ್ದ. ಅಕಾಲಿಗಳು, ಭಿಂದ್ರನ್‌ವಾಲೆ ಗುಂಪು, ಪ್ರತ್ಯೇಕ ದೇಶ ಕೇಳ್ತಿದ್ದೋರು, ಮತ್ತೆ ಇದ್ಯಾವುದಕ್ಕೂ ಸಂಬಂಧ ಇಲ್ದೆ ಪೂಜೆ ಮಾಡ್ಕೊಂಡಿದ್ದ ಲಕ್ಷಾಂತರ ಸಿಖ್ಖರು, ಈ ನಾಲ್ಕನ್ನ ಬೇರೆಬೇರೆ ಇಟ್ಕೊಳೋದು ಕಲೀರಿ. ಇವನ್ನ ಒಂದೇ ಮೂಟೆ ಕಟ್ಟಿದ್ದಕ್ಕೇ ಆಮೇಲಿನ ಅರ್ಧ ಅನಾಹುತ ಆಗಿದ್ದು ಅಂತ ನನ್ನ ಬಲವಾದ ನಂಬಿಕೆ.

ಈಗ ಒಳಗೆ ಹೋಗೋಣ. ತಲೆ ಮುಚ್ಚಿರ್ಬೇಕು, ಬಟ್ಟೆ ಇಲ್ದಿದ್ರೆ ಬಾಗಿಲ ಹತ್ರಾನೇ ಸಿಗತ್ತೆ, ಚಪ್ಪಲಿ ಜೋಡಾ ಘರ್‌ನಲ್ಲಿ ಬಿಟ್ಟು ಟೋಕನ್ ತಗೊಳಿ, ನೀರಲ್ಲಿ ಕಾಲು ಅದ್ದಿ ಹೋಗಿ. ಬೀಡಿ ಸಿಗರೇಟು ಜೇಬಲ್ಲೂ ಬೇಡ. ಉತ್ತರದ ಗಡಿಯಾರ ಗೋಪುರದ ಬಾಗಿಲಿಂದ ಒಳಗೆ ಬನ್ನಿ, ಮೆಟ್ಟಿಲು ಇಳಿಯೋ ಮುಂಚೆ ಒಂದ್ನಿಮಿಷ ನಿಂತು ದಿಕ್ಕು ನೋಡ್ಕೊಳಿ. ಎದುರಿಗೆ ಸರೋವರ, ಮಧ್ಯದಲ್ಲಿ ಚಿನ್ನದ ಗುಡಿ ಹರ್ಮಂದಿರ್ ಸಾಹಿಬ್, ನಿಮ್ಮ ಬಲಗಡೆ ಅಂದ್ರೆ ಪಶ್ಚಿಮದ ದಡದಲ್ಲಿ ಬಿಳಿ ಕಟ್ಟಡ, ಮೇಲೆ ಚಿನ್ನದ ಗುಮ್ಮಟ, ಅದು ಸಿಖ್ಖರ ಅತ್ಯುನ್ನತ ಪೀಠ ಅಕಾಲ್ ತಖ್ತ್. ಎಷ್ಟೋ ಜನ ಚಿನ್ನದ ಗುಡಿಯನ್ನೇ ಆರ್ಮಿ ಒಡೀತು ಅಂದ್ಕೊಂಡಿದಾರೆ. ಯುದ್ಧ ನಡೆದಿದ್ದು ಮುಖ್ಯವಾಗಿ ಭಿಂದ್ರನ್‌ವಾಲೆ ಗುಂಪು ಸೇರ್ಕೊಂಡಿದ್ದ ಅಕಾಲ್ ತಖ್ತ್‌ಗೋಸ್ಕರ, ಹರ್ಮಂದಿರದ ಕಡೆಗೆ ಗುಂಡು ಹಾರಿಸ್ಬಾರ್ದು ಅಂತ ಸೈನಿಕರಿಗೆ ಆದೇಶ ಇತ್ತು, ಆದ್ರೂ ಗುಂಡುಗಳು ಅದಕ್ಕೂ ತಗುಲಿದ್ವು. ಒಳಗಿದ್ದ ಸಿಖ್ಖರ ಧರ್ಮಗ್ರಂಥ ಗುರು ಗ್ರಂಥ ಸಾಹಿಬ್‌ನ ಒಂದು ಪ್ರತಿಗೆ ಗುಂಡು ಹೊಕ್ಕಿದೆ, ಈಚೆಗೆ ಜೂನ್ ಮೊದಲ ವಾರದಲ್ಲಿ ಅದನ್ನ ಭಕ್ತರ ದರ್ಶನಕ್ಕೆ ಇಟ್ಟಿದ್ದುಂಟು.

1983ರ ಏಪ್ರಿಲ್ 25ಕ್ಕೆ ಪೊಲೀಸ್ ಡಿಐಜಿ ಎ. ಎಸ್. ಅಟ್ವಾಲ್, ಅವರೂ ಸಿಖ್ಖರೇ, ದರ್ಶನ ಮುಗಿಸಿ ಹೊರಗೆ ಬರ್ತಿದ್ದಾಗ ಈ ದೇವಸ್ಥಾನದ ಬಾಗಿಲಲ್ಲೇ ಗುಂಡಿಗೆ ಬಲಿಯಾದ್ರು. ಬಾಡಿ ಎತ್ತೋಕೆ ಪೊಲೀಸ್ರು ಮುಂದೆ ಬರದೆ ಗಂಟೆಗಟ್ಲೆ ಅಲ್ಲೇ ಬಿದ್ದಿತ್ತು. ಸರ್ಕಾರದ ಕೈ ಆಗ್ಲೇ ಎಷ್ಟು ಸೋತಿತ್ತು ಅಂತ ಇದೊಂದ್ರಲ್ಲೇ ಗೊತ್ತಾಗತ್ತೆ.

ಆಮೇಲೆ ಎಲ್ರ ಜೊತೆ ಸರೋವರ ಬಲಕ್ಕಿಟ್ಕೊಂಡು ಪರಿಕ್ರಮ ಮಾಡಿ. ಪೂರ್ವಕ್ಕೆ ಎಲ್ರಿಗೂ ಊಟ ಹಾಕೋ ಲಂಗರ್, ಅದರ ಹತ್ರ ಎರಡು ಎತ್ತರದ ಹಳೇ ಗೋಪುರ ಕಾಣತ್ತೆ, ರಾಮಗಢಿಯಾ ಬುಂಗಾ. ಆ ಗೋಪುರದ ತುದಿಯಿಂದ ಸುತ್ತಮುತ್ತ ಎಲ್ಲಾ ಕಾಣತ್ತೆ, ಹಾಗಾಗಿ ಮೇಲೆ ಬಂದೂಕು ಇಟ್ಟಿದ್ರು, ಆರ್ಮಿ ಮೊದ್ಲು ಹೊಡೆದಿದ್ರಲ್ಲಿ ಇವೂ ಒಂದು. ಹೊರಗಡೆ ತೇಜಾ ಸಿಂಗ್ ಸಮುಂದ್ರಿ ಹಾಲ್, ಅಲ್ಲಿ ಗೋಡೆ ಮೇಲಿನ ಗುಂಡಿನ ಗುರುತುಗಳನ್ನ ಬೇಕಂತಲೇ ಉಳಿಸ್ಕೊಂಡಿದಾರೆ, ಮರೀದೆ ಹೋಗಿ ನೋಡಿ. ಲೋಂಗೋವಾಲ್ ಮತ್ತೆ ಗುರುದ್ವಾರಗಳ ಆಡಳಿತ ಸಮಿತಿ ಅಧ್ಯಕ್ಷ ಗುರುಚರಣ್ ಸಿಂಗ್ ತೋಹ್ರಾನ ಆರ್ಮಿ ಹೊರಗೆ ಕರ್ಕೊಂಡು ಬಂದಿದ್ದು ಈ ಕಡೆಯಿಂದಾನೇ.

ಪೂರ್ವದ ದಡದಲ್ಲಿ ನಿಂತು ಈಗ ಸರೋವರದ ಆಚೆ ಅಕಾಲ್ ತಖ್ತ್ ನೋಡಿ. ನಡುವೆ ಇರೋದು ನೀರು, ಮತ್ತೆ ಗುಡಿ. ಜೂನ್ 5ರ ರಾತ್ರಿ ಉತ್ತರದ ಬಾಗಿಲಿಂದ ಇಳಿದ ಕಮಾಂಡೋಗಳು ಮೆಟ್ಟಿಲ ಹತ್ರಾನೇ ಗುಂಡಿಗೆ ಸಿಕ್ಕಿ ಬಿದ್ರು, ಅಮೃತಶಿಲೆಯ ಈ ನೆಲದಲ್ಲಿ ಅಡಗೋಕೆ ಒಂದು ಗಿಡ ಕೂಡ ಇರ್ಲಿಲ್ಲ. ಎದುರಿಗೆ ಕೋಟೆ ಥರ ಕಟ್ಟಿದ್ದು ಸೇನೆಯಿಂದ ವಜಾ ಆಗಿದ್ದ ಮೇಜರ್ ಜನರಲ್ ಶಾಬೇಗ್ ಸಿಂಗ್, 1971ರಲ್ಲಿ ಬಾಂಗ್ಲಾದೇಶದ ಮುಕ್ತಿ ಬಾಹಿನಿಗೆ ಟ್ರೈನಿಂಗ್ ಕೊಟ್ಟ ನಮ್ಮದೇ ಸೇನೆಯ ಹೀರೋ. ಈ ಕಡೆ ದಾಳಿ ನಡೆಸಿದ ಮೇಜರ್ ಜನರಲ್ ಕುಲದೀಪ್ ಸಿಂಗ್ ಬ್ರಾರ್ ಕೂಡ ಸಿಖ್ಖರೇ. ಕೊನೆಗೆ ವಿಜಯಂತ ಟ್ಯಾಂಕ್‌ಗಳನ್ನ ಪರಿಕ್ರಮಕ್ಕೆ ತಂದು ಅಕಾಲ್ ತಖ್ತ್‌ಗೆ ಶೆಲ್ ಹೊಡೆದ್ರು, 6ನೇ ತಾರೀಖು ಬೆಳಗಾದಾಗ ಅದು ಸುಟ್ಟು ಕುಸಿದಿತ್ತು, ಒಳಗೆ ಭಿಂದ್ರನ್‌ವಾಲೆ, ಶಾಬೇಗ್ ಸಿಂಗ್, ಸಿಖ್ ವಿದ್ಯಾರ್ಥಿ ಒಕ್ಕೂಟದ ಅಮ್ರಿಕ್ ಸಿಂಗ್ ಸತ್ತಿದ್ರು.

ಅಕಾಲ್ ತಖ್ತ್ ಅಂದ್ರೆ ಸಿಖ್ಖರಿಗೆ ಏನು ಅನ್ನೋದನ್ನ ಕಣ್ಣಾರೆ ನೋಡ್ಬೇಕಂದ್ರೆ ರಾತ್ರಿ ಇರಿ. ಹರ್ಮಂದಿರದಿಂದ ಗುರು ಗ್ರಂಥ ಸಾಹಿಬ್‌ನ ಪಾಲಕಿಯಲ್ಲಿ ಇಲ್ಲಿಗೆ ತರ್ತಾರೆ, ನಸುಕಲ್ಲಿ ವಾಪಸ್ ಕರ್ಕೊಂಡು ಹೋಗ್ತಾರೆ, ಪಾಲಕಿಗೆ ಒಂದು ಕ್ಷಣ ಹೆಗಲು ಕೊಡೋಕೆ ಗಂಡಸ್ರು ಹೇಗೆ ನುಗ್ತಾರೆ ನೋಡಿ. ಗುರು ಹರಗೋಬಿಂದ್ ಸ್ಥಾಪಿಸಿದ ಪೀಠ ಇದು. ಈಗ ಕಾಣೋ ಕಟ್ಟಡ ಹಳೇದಲ್ಲ. ಸರ್ಕಾರ ನಿಹಂಗ್ ಪಂಥದ ಮುಖ್ಯಸ್ಥ ಬಾಬಾ ಸಂತಾ ಸಿಂಗ್ ಕೈಲಿ ತರಾತುರಿಲಿ ಕಟ್ಟಿಸಿದ್ದನ್ನ ಸಿಖ್ಖರು ಒಪ್ಪದೆ 1986ರಲ್ಲಿ ಕೆಡವಿ ತಾವೇ ಕರಸೇವೆಲಿ ಕಟ್ಟಿದ್ದು. ಪಕ್ಕದಲ್ಲಿ 2013ರಲ್ಲಿ ತೆರೆದ ಸ್ಮಾರಕ ಗುರುದ್ವಾರ ಇದೆ, ಗಡಿಯಾರ ಗೋಪುರದ ಮೇಲಿನ ಮ್ಯೂಸಿಯಂನಲ್ಲಿ ಭಿಂದ್ರನ್‌ವಾಲೆ ಫೋಟೋನೂ ಇದೆ. ನೋಡಿ ಸಿಟ್ಟು ಬಂದ್ರೂ ಅಲ್ಲಿ ವಾದಕ್ಕೆ ಇಳೀಬೇಡಿ, ಯಾಕೆ ಇಟ್ಟಿದಾರೆ ಅಂತ ಯೋಚನೆ ಮಾಡಿ.

ಜೂನ್ 3 ಗುರು ಅರ್ಜನ್ ದೇವ್ ಬಲಿದಾನದ ದಿನ ಆಗಿತ್ತು. ಹಳ್ಳಿಗಳಿಂದ ಬಂದ ಸಾವಿರಾರು ಯಾತ್ರಿಕರು ಒಳಗಿದ್ರು, ಅವತ್ತೇ ಕರ್ಫ್ಯೂ, ಫೋನ್ ಕಟ್, ಪತ್ರಕರ್ತರು ರಾಜ್ಯದಿಂದಲೇ ಹೊರಗೆ. ಹೊರಗೆ ಬನ್ನಿ ಅಂತ ಮೈಕಲ್ಲಿ ಕೂಗಿದ್ವಿ ಅಂತ ಆರ್ಮಿ ಹೇಳತ್ತೆ, ಬದುಕುಳಿದ ಎಷ್ಟೋ ಜನ ನಮಗೇನೂ ಕೇಳಿಸ್ಲಿಲ್ಲ ಅಂತಾರೆ. ಸರ್ಕಾರದ ಶ್ವೇತಪತ್ರದ ಲೆಕ್ಕದಲ್ಲಿ ಸತ್ತೋರು ಸೇನೆಯ 83 ಜನ, ಉಳಿದೋರು 493. ಸಿಖ್ ಸಂಘಟನೆಗಳು ಸಾವಿರಾರು ಅಂತಾವೆ. ಸರ್ಕಾರದ ಲೆಕ್ಕದಲ್ಲಿ ಉಗ್ರರು ಮತ್ತೆ ಸಾಮಾನ್ಯ ಜನ ಒಟ್ಟಿಗೇ ಸೇರಿದಾರೆ ಅನ್ನೋದನ್ನ ಗಮನಿಸಿ, ಮಗು ಎತ್ಕೊಂಡು ಬಂದಿದ್ದ ತಾಯಿ ಮತ್ತೆ ಮೆಷಿನ್ ಗನ್ ಹಿಡಿದೋನು ಒಂದೇ ಅಂಕಿಲಿ. ಆ ದಿನ ಆರಿಸಿದ್ದು ಕ್ಷಮಿಸೋಕಾಗದ ತಪ್ಪು, ಪೂಜಾಸ್ಥಳವನ್ನ ಗನ್ ಪೋಸ್ಟ್ ಮಾಡಿದ್ದೂ ಅಷ್ಟೇ ಕ್ಷಮಿಸೋಕಾಗದ್ದು, ಒಂದು ಹೇಳೋಕೆ ಇನ್ನೊಂದನ್ನ ಅಳಿಸ್ಬೇಕಾಗಿಲ್ಲ.

ಬೇರೆ ದಾರಿ ಇತ್ತಾ ಅಂತ ಕೇಳೋರು 1988ರ ಮೇ ತಿಂಗಳ ಆಪರೇಷನ್ ಬ್ಲ್ಯಾಕ್ ಥಂಡರ್ ಓದಿ. ಇದೇ ಜಾಗ, ಒಳಗೆ ಮತ್ತೆ ಉಗ್ರರು ಸೇರ್ಕೊಂಡಿದ್ರು, ಪಂಜಾಬ್ ಪೊಲೀಸ್ ಮುಖ್ಯಸ್ಥ ಕೆ. ಪಿ. ಎಸ್. ಗಿಲ್ ಮತ್ತೆ ಕಮಾಂಡೋ ಪಡೆ ಎನ್‌ಎಸ್‌ಜಿ ಸುತ್ತುವರಿದು ನೀರು ಕರೆಂಟ್ ಕಟ್ ಮಾಡಿ ಕಾದ್ರು, ಪತ್ರಕರ್ತರು ನೋಡ್ತಿರೋ ಹಾಗೇನೇ ಸುಮಾರು 200 ಜನ ಶರಣಾದ್ರು, ಗುಡಿಗೆ ದೊಡ್ಡ ಹಾನಿ ಆಗ್ಲಿಲ್ಲ. 84ರಲ್ಲಿ ಕಾದಿದ್ರೆ ಹಳ್ಳಿಗಳಿಂದ ಜನ ನುಗ್ಗಿ ಬರ್ತಿದ್ರು ಅನ್ನೋದು ಸೇನೆಯವರ ವಾದ, ಅದನ್ನೂ ಪಕ್ಕದಲ್ಲಿಟ್ಟೇ ತೂಗಿ ನೋಡಿ.

ಜನರ ಹತ್ರ ಮಾತಾಡೋಕೆ ಲಂಗರ್‌ಗಿಂತ ಒಳ್ಳೆ ಜಾಗ ಇಲ್ಲ, ಊಟ ಆದ್ಮೇಲೆ ತಟ್ಟೆ ತೊಳೆಯೋ ಇಲ್ಲ ಬೆಳ್ಳುಳ್ಳಿ ಸುಲಿಯೋ ಸೇವೆಗೆ ಕೂತ್ಕೊಳಿ. ಹಿರಿಯರಿಗೆ ಸತ್ ಶ್ರೀ ಅಕಾಲ್ ಬಾಬಾ ಜೀ ಅನ್ನಿ. "ನೀವು ಖಾಲಿಸ್ತಾನ್ ಪರಾನಾ" ಅಂತ ಮಾತ್ರ ಕೇಳ್ಬೇಡಿ, ಅದು ಎಷ್ಟೋ ವರ್ಷ ಪೊಲೀಸ್ರು ಕೇಳಿದ ಪ್ರಶ್ನೆ. ಆಗ ನಿಮ್ಮ ಊರಲ್ಲಿ ಹೇಗಿತ್ತು ಅಂತ ಕೇಳಿ, ಹೇಳಿದ್ರೆ ಕೇಳಿ, ಸುಮ್ನಾದ್ರೆ ಬಿಟ್ಬಿಡಿ. ಹೊರಗಿನ ಬಜಾರ್‌ನ ಹಿಂದೂ ಅಂಗಡಿಯೋರ ಹತ್ರಾನೂ ಮಾತಾಡಿ, ಕತ್ತಲಾದ್ರೆ ಬಸ್ ಹತ್ತೋಕೆ ಹೆದರ್ತಿದ್ದ ವರ್ಷಗಳು ಅವರಿಗೂ ನೆನಪಿರತ್ತೆ. ಜೂನ್ 6ರ ಆಸುಪಾಸು ಘಲ್ಲೂಘಾರಾ (ಹತ್ಯಾಕಾಂಡ) ದಿನದ ಬಂದೋಬಸ್ತ್ ಜೋರು, ಮೊದಲ ಸಲ ಹೋಗೋರು ಆ ವಾರ ಬಿಟ್ಟು ಹೋಗಿ.

ವಾಪಸ್ ಬರ್ತಾ ಡೆಲ್ಲೀಲಿ ಇಳಿಯೋರು ಇಂದಿರಾ ಹತ್ಯೆ ಆದ್ಮೇಲೆ ಆ ಊರಲ್ಲಿ ಕೊಂದ ಸಿಖ್ಖರ ಸಂಖ್ಯೆ ಸರ್ಕಾರದ ಲೆಕ್ಕದಲ್ಲೇ 2,733 ಅನ್ನೋದು ನೆನಪಿಟ್ಕೊಳಿ. ಮಾರನೇ ವರ್ಷ ಖಾಲಿಸ್ತಾನಿ ಉಗ್ರರು ಇಟ್ಟ, ಏರ್ ಇಂಡಿಯಾ ಕನಿಷ್ಕ ವಿಮಾನದ ಬಾಂಬ್‌ಗೆ ಸತ್ತಿದ್ದು 329 ಜನ. ಆಮೇಲೆ ಪಂಜಾಬ್ ಪೊಲೀಸ್ರು ಗುಟ್ಟಾಗಿ ಸುಟ್ಟ ಹೆಣಗಳ ಲೆಕ್ಕ ಹೊರಗೆ ತೆಗೆದ ಮಾನವ ಹಕ್ಕು ಹೋರಾಟಗಾರ ಜಸ್ವಂತ್ ಸಿಂಗ್ ಖಾಲ್ರಾನ 1995ರಲ್ಲಿ ಮನೆ ಮುಂದಿಂದ ಎತ್ಕೊಂಡು ಹೋಗಿ ಕೊಂದ್ರು.

ಅಮೃತಸರ ದೂರ ಅನ್ನೋರು ಬೀದರ್‌ಗೆ ಹೋಗಿ, ನಾನಕ್ ಝೀರಾ ಗುರುದ್ವಾರಕ್ಕೆ. ಗುರು ಗೋಬಿಂದ್ ಸಿಂಗ್ ಮೊದಲು ಖಾಲ್ಸಾಗೆ ಸೇರಿಸ್ಕೊಂಡ ಐದು ಜನ, ಅಂದ್ರೆ ಪಂಜ್ ಪ್ಯಾರೆಗಳಲ್ಲಿ ಒಬ್ರಾದ ಭಾಯಿ ಸಾಹಿಬ್ ಸಿಂಗ್ ಬೀದರ್‌ನೋರು. 1988ರ ಸೆಪ್ಟೆಂಬರ್‌ನಲ್ಲಿ ಇದೇ ಬೀದರ್‌ನಲ್ಲಿ ಓದೋಕೆ ಬಂದಿದ್ದ ಸಿಖ್ ಹುಡುಗರನ್ನ ಅಟ್ಟಿಸ್ಕೊಂಡು ಹೊಡೆದು ಕೊಂದಿದಾರೆ. ಪಂಜಾಬಿನ ಬೆಂಕಿಗೂ ಆ ಮಕ್ಕಳಿಗೂ ಏನೂ ಸಂಬಂಧ ಇರ್ಲಿಲ್ಲ. ಗುರುದ್ವಾರದಲ್ಲಿ ಲಂಗರ್ ಊಟ ಮಾಡಿ ಅಲ್ಲಿರೋ ಹಿರಿಯರನ್ನ ಮಾತಾಡ್ಸಿ, ಅವರಲ್ಲಿ ಹಲವರಿಗೆ ಕನ್ನಡಾನೂ ಬರತ್ತೆ.