ಗಿಟಾರಿನ ಫ್ರೆಟ್ ಎಲ್ಲಿ ಕೊರೆಯಬೇಕು? ಗುಣೋತ್ತರ ಶ್ರೇಢಿಯ ಲೆಕ್ಕ

ಗಿಟಾರಿನ ಕತ್ತನ್ನು ದಿಟ್ಟಿಸಿ ನೋಡಿ. ಅದರ ಮೇಲೆ ಅಡ್ಡಲಾಗಿ ಕೂರಿಸಿದ, ತಂತಿಯನ್ನು ಒತ್ತಿ ಸ್ವರ ಬದಲಿಸುವ ಪಟ್ಟಿಗಳೇ ಫ್ರೆಟ್. ತಲೆಯ ಕಡೆ ಫ್ರೆಟ್‌ಗಳು ದೂರ ದೂರ, ಹೊಟ್ಟೆಯ ಕಡೆ ಬರಬರುತ್ತಾ ಒತ್ತೊತ್ತು. ಇದು ಗುಣೋತ್ತರ ಶ್ರೇಢಿ (ಹಿಂದಿನ ಪದವನ್ನು ಪ್ರತಿ ಸಲ ಒಂದೇ ಸಂಖ್ಯೆಯಿಂದ ಗುಣಿಸಿ ಬರುವ ಸಾಲು), ಮರದ ಮೇಲೆ ಕೊರೆದದ್ದು.

ಮೊದಲು ಅನುಪಾತ ಹಿಡಿಯಿರಿ. ತಂತಿಯ ಉದ್ದ ಅರ್ಧವಾದರೆ ಕಂಪನಾಂಕ ಇಮ್ಮಡಿಯಾಗಿ ತಾರಷಡ್ಜ (ಮೇಲಿನ ಸ) ಕೇಳುತ್ತದೆ. ಅಲ್ಲಿಗೆ ತಲುಪಲು 12 ಹೆಜ್ಜೆ, ಒಂದು ಫ್ರೆಟ್ಟಿಗೆ ಒಂದು ಹೆಜ್ಜೆ. ಎಷ್ಟು ಪಟ್ಟು ಹೆಚ್ಚಿತು ಎಂಬುದನ್ನೇ ಕಿವಿ ಗುರುತಿಸುವುದರಿಂದ, ಪ್ರತಿ ಹೆಜ್ಜೆಗೂ ತಂತಿಯ ಉದ್ದವನ್ನು ಒಂದೇ ಸಂಖ್ಯೆಯಿಂದ ಗುಣಿಸಬೇಕು. 12 ಸಲ ಗುಣಿಸಿದಾಗ ಸರಿಯಾಗಿ ಅರ್ಧ ಬರಬೇಕು. ಆ ಸಂಖ್ಯೆ 0.943874. ಇದೇ ಸಾಮಾನ್ಯ ಅನುಪಾತ.

ಕ್ಲಾಸಿಕಲ್ ಗಿಟಾರಿನ ತಂತಿ 650 ಮಿ.ಮೀ. ಎಂದಿಟ್ಟುಕೊಳ್ಳಿ. ಗುಣಿಸುತ್ತಾ ಹೋಗಿ: 613.52, 579.08, 546.58, 515.91... ಯಾವುದೇ ಪದವನ್ನು ಅದರ ಹಿಂದಿನ ಪದದಿಂದ ಭಾಗಿಸಿದರೂ ಅದೇ ಅನುಪಾತ ಬರುತ್ತದೆ. ಇವು ಹೊಟ್ಟೆಯ ಮೇಲೆ ತಂತಿಗೆ ಆಧಾರವಾದ ಪಟ್ಟಿ, ಅಂದರೆ ಸ್ಯಾಡಲ್‌ನಿಂದ ಫ್ರೆಟ್‌ವರೆಗಿನ ಉದ್ದಗಳು. ಗುರುತು ಹಾಕುವುದು ತಲೆಯ ಬಳಿ ತಂತಿ ಹಾಯುವ ಪಟ್ಟಿಯಾದ ನಟ್‌ನಿಂದ, ಆದ್ದರಿಂದ ಒಂದೊಂದನ್ನೂ 650ರಿಂದ ಕಳೆಯಿರಿ: 36.48, 70.92, 103.42, 134.09.

ಬಹಳ ಮಂದಿ ಎಡವುವುದು ಇಲ್ಲೇ. ಈ ಎರಡನೇ ಸಾಲನ್ನು ಭಾಗಿಸಿ ನೋಡಿ: 1.94, ಆಮೇಲೆ 1.46. ಇದು ಗುಣೋತ್ತರ ಶ್ರೇಢಿಯೇ ಅಲ್ಲ! ಆದರೆ ಫ್ರೆಟ್‌ಗಳ ನಡುವಿನ ಅಂತರ ತೆಗೆದುಕೊಂಡರೆ 36.48, 34.43, 32.50, ಮತ್ತೆ ಅದೇ 0.943874.

ಅನುಪಾತವನ್ನು 0.94ಕ್ಕೆ ಮೊಟಕುಗೊಳಿಸಲೇಬೇಡಿ. ಸಣ್ಣ ತಪ್ಪೂ 12 ಸಲ ಗುಣವಾಗುತ್ತದೆ: ಹನ್ನೆರಡನೇ ಫ್ರೆಟ್‌ನಿಂದ ಸ್ಯಾಡಲ್‌ಗೆ 325 ಮಿ.ಮೀ. ಇರಬೇಕಾದಲ್ಲಿ 309.35 ಬರುತ್ತದೆ, ಅಂದರೆ ಒಂದೂವರೆ ಸೆಂಟಿಮೀಟರ್ ಮೀರಿದ ಎಡವಟ್ಟು. 325 ಅನ್ನು 12 ಸಮಭಾಗ ಮಾಡಿ 27.08ರಂತೆ ಇಟ್ಟರೆ ಅದು ಸಮಾಂತರ ಶ್ರೇಢಿ. ಆಗ ಮೊದಲ ಫ್ರೆಟ್‌ನ ಸ್ವರ ಒಂದು ಹೆಜ್ಜೆಯ ಕಾಲುಭಾಗದಷ್ಟು ತಗ್ಗಿರುತ್ತದೆ, ಕೊನೆಯ ಹೆಜ್ಜೆಯಲ್ಲಿ ವಿಪರೀತ ಜಿಗಿಯುತ್ತದೆ. ಎಣಿಕೆಯಲ್ಲೂ ಎಚ್ಚರ: ಒತ್ತದ ತಂತಿಯೇ ಒಂದನೇ ಪದ, ಹಾಗಾಗಿ ಹನ್ನೆರಡನೇ ಫ್ರೆಟ್ ಹದಿಮೂರನೇ ಪದ.

ಕೊರೆಯುವ ಮುನ್ನ ಮೊತ್ತ ತಾಳೆ ನೋಡಿ. ಸೂತ್ರ ನಮ್ಮ ನೆಲದ್ದೇ ಇದೆ: ಅಮೋಘವರ್ಷನ ಕಾಲದ ಮಹಾವೀರಾಚಾರ್ಯ ‘ಗಣಿತಸಾರಸಂಗ್ರಹ’ದಲ್ಲಿ ಹೇಳಿದ್ದು. ಮೊದಲ ಪದವನ್ನು ಅನುಪಾತದಿಂದ ಪದಗಳ ಸಂಖ್ಯೆಯಷ್ಟು ಸಲ ಗುಣಿಸಿದರೆ ‘ಗುಣಧನ’. ಅದಕ್ಕೂ ಮೊದಲ ಪದಕ್ಕೂ ಇರುವ ವ್ಯತ್ಯಾಸವನ್ನು, ಅನುಪಾತಕ್ಕೂ ಒಂದಕ್ಕೂ ಇರುವ ವ್ಯತ್ಯಾಸದಿಂದ ಭಾಗಿಸಿ. ನಮ್ಮ 12 ಅಂತರಗಳಿಗೆ ಗುಣಧನ 18.24. ಅದನ್ನು 36.48ರಿಂದ ಕಳೆದು 0.056126ರಿಂದ ಭಾಗಿಸಿದರೆ 325. ತಾಳೆಯಾಯಿತು.

ವೀಣೆಯ 24 ಮೆಟ್ಟಿಲುಗಳನ್ನು ಮೇಣದ ಮೇಲೆ ಕಿವಿಯಿಂದಲೇ ಕೂರಿಸುತ್ತಾರೆ, ತಪ್ಪಿದರೆ ಮೇಣ ಬಿಸಿಮಾಡಿ ಸರಿಸಬಹುದು. ಗಿಟಾರಿನ ಮರಕ್ಕೆ ಗರಗಸ ಇಳಿದ ಮೇಲೆ ಆ ಅವಕಾಶವಿಲ್ಲ. ಅದಕ್ಕೇ ಪ್ರತಿ ಗುರುತನ್ನೂ ನಟ್‌ನಿಂದಲೇ ಅಳೆಯಿರಿ; ಹಿಂದಿನ ಗುರುತಿನಿಂದ ಅಳೆದರೆ ಸ್ಕೇಲಿನ ಚೂರುಪಾರು ತಪ್ಪುಗಳೆಲ್ಲ ಕೂಡಿಕೊಳ್ಳುತ್ತವೆ.

ಬೆರಳು ಒತ್ತಿದಾಗ ತಂತಿ ತುಸು ಬಿಗಿದು ಸ್ವರ ಏರುತ್ತದೆ. ಅದಕ್ಕೆ ಸ್ಯಾಡಲನ್ನು ಒಂದೆರಡು ಮಿ.ಮೀ. ಹಿಂದಕ್ಕಿಡಿ, ಫ್ರೆಟ್‌ಗಳ ಲೆಕ್ಕ ಮಾತ್ರ 650ಕ್ಕೇ ಇರಲಿ.