ಮಳೆಗಾಲದಲ್ಲಿ ಭಾಗವತಿಕೆಯ ರೆಕಾರ್ಡಿಂಗ್: ಟ್ಯೂಬ್ ಪ್ರಿಆಂಪ್, ಕಂಪ್ರೆಸರ್ ಮತ್ತು ನನ್ನ ಅನುಭವ

ಶಿರಸಿ ಕಡೆ ಯಕ್ಷಗಾನದ ಭಾಗವತರನ್ನೋ ಅರ್ಥಧಾರಿಗಳನ್ನೋ ಮನೆಗೆ ಕರೆಸಿ ರೆಕಾರ್ಡಿಂಗ್ ಮಾಡಬೇಕೆಂದರೆ ಮಳೆಗಾಲವೇ ಆಗಬೇಕು. ದೀಪಾವಳಿ ಕಳೆದು ಮೇಳಗಳ ತಿರುಗಾಟ ಶುರುವಾಯಿತೆಂದರೆ ಮೇ ತಿಂಗಳವರೆಗೆ ಅವರು ಕೈಗೆ ಸಿಗುವುದಿಲ್ಲ. ಸಿಗುವ ಹೊತ್ತಿಗೆ ಹೆಂಚಿನ ಮೇಲೆ ಜಡಿಮಳೆ, ಸಂಜೆಯಾದರೆ ಕಪ್ಪೆ, ಜೀರುಂಡೆ. ನನ್ನ ಕೆಲಸವೆಲ್ಲ ಈ ಸದ್ದಿನ ನಡುವೆಯೇ ನಡೆಯುವಂಥದ್ದು. ಮೈಕಿನ ಸಣ್ಣ ಸಿಗ್ನಲನ್ನು ಹಿಗ್ಗಿಸುವ ಟ್ಯೂಬ್ ಪ್ರಿಆಂಪ್, ಜೋರಾದ ಸ್ವರವನ್ನು ತಗ್ಗಿಸುವ ಕಂಪ್ರೆಸರ್ ಕೊಳ್ಳುವ ಯೋಚನೆಯಲ್ಲಿರುವ ನಮ್ಮ ಕಡೆಯ ಹುಡುಗರು ಆಗಾಗ ಕೇಳುತ್ತಿರುತ್ತಾರೆ, ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನನ್ನದು ಹಳೇ ಮನೆಯ ಒಂದು ಕೋಣೆ. ಮೇಲೆ ಹಲಗೆಯ ಅಟ್ಟ, ಅಟ್ಟದ ತುಂಬ ಅಡಿಕೆ ಚೀಲ. ಹೆಂಚಿನ ಸದ್ದು ಆ ಚೀಲಗಳನ್ನು ದಾಟಿ ಬರುವಷ್ಟರಲ್ಲಿ ಅರ್ಧ ಸೋತಿರುತ್ತದೆ. ಎರಡು ಗೋಡೆಗೂ ಚೀಲ ಒಟ್ಟಿ, ಮೇಲೆ ಕಂಬಳಿ ಹೊದಿಸಿದ್ದೇನೆ. ಕೋಣೆಗೆ ಇದಕ್ಕಿಂತ ಹೆಚ್ಚು ಖರ್ಚು ಮಾಡಿಲ್ಲ.

ಮೊದಲ ವರ್ಷ ಕಂಡೆನ್ಸರ್ ಮೈಕ್ ಇಟ್ಟಿದ್ದೆ. ಆಷಾಢದ ಒಂದು ಸಂಜೆ ಪದ್ಯದ ಮಧ್ಯೆ 'ಚರ್ ಚರ್' ಅನ್ನತೊಡಗಿತು. ಮೈಕಿನೊಳಗೆ ಸದ್ದು ಹಿಡಿಯುವ ಕ್ಯಾಪ್ಸೂಲಿಗೆ ತೇವ ಹಿಡಿದರೆ ಅಲ್ಲಿ ನಿಲ್ಲಬೇಕಾದ ಚಾರ್ಜ್ ಸೋರಿಹೋಗುತ್ತದೆ, ಆಗ ಬರುವ ಸದ್ದು ಅದು. ಸಿಲಿಕಾ ಜೆಲ್ ಹಾಕಿದ ಡಬ್ಬಿಯಲ್ಲಿ ಎರಡು ದಿನ ಮುಚ್ಚಿಟ್ಟ ಮೇಲೆ ಸರಿಯಾಯಿತು. ಆದರೆ ಭಾಗವತರನ್ನು ಎರಡು ದಿನ ಕೂರಿಸಿಕೊಳ್ಳಲು ಆಗುತ್ತದೆಯೇ? ಅಂದಿನಿಂದ ಮಳೆಗಾಲಕ್ಕೆ ಡೈನಾಮಿಕ್ ಮೈಕೇ.

ಡೈನಾಮಿಕ್ ಮೈಕಿನ ಕಷ್ಟ ಬೇರೆ. ಅದು ಕೊಡುವ ಸಿಗ್ನಲ್ ಬಹಳ ಸಣ್ಣದು. ಏರು ಪದ್ಯ ಹೇಳುವ ಭಾಗವತರು ಗೇಣು ದೂರದಲ್ಲಿ ಕೂತರೆ 35, 40 ಡೆಸಿಬೆಲ್ ಗೇನ್, ಅಂದರೆ ಹಿಗ್ಗಿಸುವಿಕೆ, ಸಾಕು. ಅದೇ ತಾಳಮದ್ದಳೆಯಲ್ಲಿ ಅರ್ಥಧಾರಿ ದನಿ ಇಳಿಸಿ, ಮಗನನ್ನು ಕಳೆದುಕೊಂಡ ತಂದೆಯಾಗಿ ಮಾತಾಡಿದರೆ 60 ಡೆಸಿಬೆಲ್ ಬೇಕಾಗುತ್ತದೆ. ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ನನ್ನ ಇಂಟರ್‌ಫೇಸಿನ ಗುಂಡಿಯನ್ನು ಅಷ್ಟು ತಿರುಗಿಸಿದರೆ ಮಾತಿಗಿಂತ 'ಸುಸ್' ಅನ್ನುವುದೇ ಮೊದಲು ಕೇಳುತ್ತಿತ್ತು. ನಾನು ಪ್ರಿಆಂಪ್ ಕೊಂಡದ್ದು ಈ ಕಾರಣಕ್ಕೆ, ಟ್ಯೂಬಿನ ಮೋಹಕ್ಕಲ್ಲ.

ಟ್ಯೂಬ್ ಅಂದರೆ ಹಳೇ ರೇಡಿಯೋದಲ್ಲಿ ಇರುತ್ತಿದ್ದ ವಾಲ್ವೇ. ಹೆಚ್ಚಿನ ಪ್ರಿಆಂಪ್‌ಗಳಲ್ಲಿ ಇರುವುದು 12ಎಎಕ್ಸ್7, ಯುರೋಪಿನ ಹೆಸರು ಇಸಿಸಿ83. ಒಂದೇ ಗಾಜಿನ ಬುರುಡೆಯೊಳಗೆ ಎರಡು ಟ್ರಯೋಡ್, ಅಂದರೆ ಸಿಗ್ನಲ್ ಹಿಗ್ಗಿಸುವ ಎರಡು ಘಟಕ. ಕೊಳ್ಳುವಾಗ ಒಂದು ವಿಷಯ ಕೇಳಿ: ವಾಲ್ವಿನೊಳಗಿನ ಪ್ಲೇಟಿಗೆ ಎಷ್ಟು ವೋಲ್ಟ್ ಹೋಗುತ್ತದೆ? ಈ ವಾಲ್ವ್ ತನ್ನ ಹದದಲ್ಲಿ ಕೆಲಸ ಮಾಡಲು 200 ವೋಲ್ಟಿಗೆ ಮೇಲೆ ಬೇಕು. ಕಡಿಮೆ ಬೆಲೆಯ ಎಷ್ಟೋ ಪೆಟ್ಟಿಗೆಗಳಲ್ಲಿ ನೂರಕ್ಕಿಂತ ಎಷ್ಟೋ ಕಡಿಮೆ ವೋಲ್ಟ್ ಕೊಟ್ಟು, ನಿಜವಾದ ಗೇನ್ ಕೆಲಸವನ್ನು ಐಸಿ ಚಿಪ್‌ಗೆ ಬಿಟ್ಟಿರುತ್ತಾರೆ. ಅಂಥದ್ದನ್ನೂ ಒಂದು ವರ್ಷ ಬಳಸಿದ್ದೇನೆ. ಸ್ವರ ಸ್ವಲ್ಪ ದಪ್ಪವಾಗುತ್ತಿತ್ತು ನಿಜ, ಜೋರಾದ ಕೂಡಲೇ ಒಡಕು ಸದ್ದು. ಈಗಿನದು ಪೂರ್ತಿ ವೋಲ್ಟೇಜಿನದು. ಇದರೊಳಗೆ ಕೈ ಹಾಕುವವರು ಎಚ್ಚರವಾಗಿರಬೇಕು. ಸ್ವಿಚ್ ಆರಿಸಿ ಪ್ಲಗ್ ಕಿತ್ತ ಮೇಲೂ ಕೆಪಾಸಿಟರಿನಲ್ಲಿ ಜೀವಕ್ಕೆ ಕುತ್ತಾಗುವಷ್ಟು ವಿದ್ಯುತ್ ಉಳಿದಿರಬಹುದು.

ಅದರಲ್ಲಿ ಎರಡು ಗುಂಡಿ: ಒಳಗೆ ಬರುವುದಕ್ಕೆ ಗೇನ್, ಹೊರಗೆ ಹೋಗುವುದಕ್ಕೆ ಔಟ್‌ಪುಟ್. ಗೇನ್ ಏರಿಸಿ ಔಟ್‌ಪುಟ್ ಇಳಿಸಿದರೆ ವಾಲ್ವ್ ದುಡಿಯುತ್ತದೆ, ಎರಡನೇ ಹಾರ್ಮೋನಿಕ್, ಅಂದರೆ ಮೂಲ ಸ್ವರದ ಮೇಲಿನ ಷಡ್ಜ, ಸಣ್ಣದಾಗಿ ಸೇರಿಕೊಳ್ಳುತ್ತದೆ. ಕಿವಿಗೆ ಹಿತ. ಶುರುವಿನಲ್ಲಿ ಇದರ ಆಸೆಗೆ ಗೇನ್ ಏರಿಸಿಯೇ ಇಡುತ್ತಿದ್ದೆ. ಮಂದ್ರದಲ್ಲಿ ಸ್ವರ ಚೆಂದ ಕೇಳಿತು. ಆದರೆ ಭಾಗವತರು ತಾರಕ್ಕೆ ಏರಿದಾಗ 'ಶ'ಕಾರ, 'ಸ'ಕಾರ ಎರಡೂ ಒಂದೇ ಆಗಿ, ಒತ್ತಕ್ಷರಗಳು ಮಸುಕಾದವು. ಯಕ್ಷಗಾನದಲ್ಲಿ ಸಾಹಿತ್ಯ ಕೇಳದಿದ್ದರೆ ಪದ್ಯವೇ ಇಲ್ಲ. ಈಗ ಭಾಗವತರಿಗೆ ಗೇನ್ ನಡುವಿನಲ್ಲಿ ನಿಲ್ಲಿಸುತ್ತೇನೆ, ಒಣ ದನಿಯ ಅರ್ಥಧಾರಿಗಳಿದ್ದರೆ ಮಾತ್ರ ಸ್ವಲ್ಪ ಮುಂದೆ. ಬಿಸಿಯಾಗಲು ಅರ್ಧ ತಾಸು ಬಿಡಬೇಕು. ಬಂದವರು ಆಸರಿ ಕುಡಿದು ಕವಳ ಹಾಕುವಷ್ಟರಲ್ಲಿ ಅದೂ ಸಿದ್ಧವಾಗಿರುತ್ತದೆ.

ಒಮ್ಮೆ ಚಂಡೆಯ ಪೆಟ್ಟಿಗೆಲ್ಲ ಹಿಂದಿನಿಂದ 'ಟಿಣ್' ಎಂದು ಸಣ್ಣ ಸದ್ದು. ತಾಳದ್ದೇ ಇರಬೇಕೆಂದು ತಾಳ ಬದಲಿಸಿದೆವು. ಕಿಟಕಿಯ ಸರಳು ಹಿಡಿದು ನೋಡಿದೆವು. ಕೊನೆಗೆ ಪೆನ್ಸಿಲಿನ ಹಿಂತುದಿಯಿಂದ ಪ್ರಿಆಂಪಿನ ಮುಚ್ಚಳವನ್ನು ಮೆಲ್ಲಗೆ ತಟ್ಟಿದಾಗ ಅದೇ 'ಟಿಣ್' ಹೆಡ್‌ಫೋನಿನಲ್ಲಿ ಬಂತು. ವಾಲ್ವಿನೊಳಗಿನ ಸೂಕ್ಷ್ಮ ತಂತಿಗಳು ನಡುಗಿದರೆ ಅದೇ ಒಂದು ಮೈಕಿನಂತೆ ಕೆಲಸ ಮಾಡುತ್ತದೆ. ನಾನು ಪ್ರಿಆಂಪನ್ನು ಚಂಡೆಯಿಂದ ನಾಲ್ಕು ಮಾರು ದೂರದಲ್ಲಿ, ಅದೇ ಹಲಗೆಯ ನೆಲದ ಮೇಲೆ ಇಟ್ಟಿದ್ದೆ. ಬೇರೆ ವಾಲ್ವ್ ಹಾಕಿದೆ, ಪೆಟ್ಟಿಗೆಯನ್ನೂ ಜಗುಲಿಗೆ ಒಯ್ದೆ. ಹೊರಗಿನ ಗದ್ದಲವನ್ನು ಅಳಿಸುವ ಬ್ಯಾಲೆನ್ಸ್‌ಡ್ ಕೇಬಲ್ ಆದರೆ ಮೈಕಿನ ಸಿಗ್ನಲ್ 15, 20 ಮೀಟರ್ ಹೋದರೂ ಏನೂ ಆಗುವುದಿಲ್ಲ.

ಇನ್ನು ಕಂಪ್ರೆಸರ್. ಇದರಲ್ಲೇ ನಾನು ಹೆಚ್ಚು ಕಲಿತದ್ದು.

ನನ್ನದು ಆಪ್ಟಿಕಲ್ ಜಾತಿಯದು. 1960ರ ದಶಕದಲ್ಲಿ ಬಂದ ಎಲ್‌ಎ-2ಎ ಎಂಬ ಯಂತ್ರದ ಕ್ರಮವೇ. ಸ್ವರ ಜೋರಾದರೆ ಒಳಗಿನ ಸಣ್ಣ ದೀಪದ ಬೆಳಕು ಹೆಚ್ಚುತ್ತದೆ, ಆ ಬೆಳಕು ಬಿದ್ದ ರೆಸಿಸ್ಟರಿನ ತಡೆ ಇಳಿಯುತ್ತದೆ, ಸ್ವರ ತಗ್ಗುತ್ತದೆ. ಹಿಡಿಯಲು ಸುಮಾರು 10 ಮಿಲಿಸೆಕೆಂಡ್. ಬಿಡುವಾಗ ಮೊದಲರ್ಧವನ್ನು ಬೇಗ ಬಿಟ್ಟು, ಉಳಿದದ್ದನ್ನು ಸೆಕೆಂಡುಗಟ್ಟಲೆ ನಿಧಾನವಾಗಿ ಬಿಡುತ್ತದೆ. ಈ ನಿಧಾನವೇ ಮನುಷ್ಯರ ದನಿಗೆ ಒಗ್ಗುವುದು.

ಮೊದಲ ತಪ್ಪು, ಹೆಚ್ಚು ಒತ್ತಿದ್ದು. ಮೀಟರಿನ ಮುಳ್ಳು 10 ಡೆಸಿಬೆಲ್ ಹಿಂದೆ ಬೀಳುವಷ್ಟು ಒತ್ತಿ, ಕಳೆದುಹೋದದ್ದನ್ನು ಮೇಕಪ್ ಗೇನಿನಿಂದ ತುಂಬಿದೆ. ಭಾಗವತರ ಪದ್ಯ ಬಹಳ ಗಟ್ಟಿಯಾಗಿ ಕೇಳಿತು. ಆದರೆ ಪದ್ಯದ ನಡುವೆ ಅವರು ಉಸಿರು ತೆಗೆದುಕೊಂಡ ಕಡೆಯಲ್ಲೆಲ್ಲ ಮಳೆ ಎದ್ದು ಬಂತು. ಲೆಕ್ಕ ಸರಳ (ಸೊನ್ನೆ ಡೆಸಿಬೆಲ್ ಅಂದರೆ ರೆಕಾರ್ಡಿಂಗ್ ತಡೆಯುವ ಗರಿಷ್ಠ ಮಟ್ಟ): ಮೈನಸ್ 55ರಲ್ಲಿದ್ದ ಮಳೆ 10 ಏರಿದರೆ ಮೈನಸ್ 45. ಸ್ವರ ಇರುವಾಗ ತಗ್ಗುತ್ತದೆ, ನಿಂತಾಗ ಏರುತ್ತದೆ, ಕೋಣೆಯೇ ಉಸಿರಾಡಿದ ಹಾಗೆ. ಒಮ್ಮೆ ಹೀಗೆ ಒತ್ತಿ ರೆಕಾರ್ಡ್ ಆದದ್ದನ್ನು ಮತ್ತೆ ಬಿಡಿಸಲು ಬರುವುದಿಲ್ಲ. ಈಗ ಮುಳ್ಳು ಎರಡು, ಅತಿ ಏರಿನಲ್ಲಿ ಮೂರು ಡೆಸಿಬೆಲ್‌ಗಿಂತ ಹೆಚ್ಚು ಅಲ್ಲಾಡಲು ಬಿಡುವುದಿಲ್ಲ. ಉಳಿದದ್ದಕ್ಕೆ 24 ಬಿಟ್ ರೆಕಾರ್ಡಿಂಗ್ ಇದೆ, ಸಣ್ಣ ಸದ್ದೂ ಅದರಲ್ಲಿ ಸ್ಪಷ್ಟವಾಗಿ ಉಳಿಯುತ್ತದೆ. ಅತಿ ಜೋರು ಮೈನಸ್ 12ರ ಆಸುಪಾಸಿನಲ್ಲಿ ನಿಂತರೆ ಸಾಕು, ಸೊನ್ನೆಯವರೆಗೆ ತುಂಬಿಸುವ ಹಟ ಬೇಡ.

ಎರಡನೇ ತಪ್ಪು ತಿಳಿಯಲು ಎರಡು ಮಳೆಗಾಲ ಬೇಕಾಯಿತು. ನಮ್ಮ ಊರಿನ ಹಿರಿಯ ಭಾಗವತರೊಬ್ಬರು ಬಂದಿದ್ದರು. ಶ್ರುತಿ ಕಪ್ಪು ಎರಡು, ಬಯಲಿನಲ್ಲಿ ರಾತ್ರಿಯಿಡೀ ಹೇಳಿದರೂ ದಣಿಯದ ಕಂಠ. ಅವತ್ತು ಮೂರನೇ ಪದ್ಯಕ್ಕೇ ಗಂಟಲು ಕಟ್ಟಿತು. ಬಿಸಿನೀರು ಕೊಟ್ಟೆವು, ಕಲ್ಲುಸಕ್ಕರೆ ಕೊಟ್ಟೆವು. ಅವರು ಹೆಡ್‌ಫೋನನ್ನು ಕುತ್ತಿಗೆಗೆ ಇಳಿಸಿಕೊಂಡು, "ತಮಾ, ಸ್ವರ ಮ್ಯಾಲೆ ಹೋಗ್ತೇ ಇಲ್ಲೆ. ಯಾರೋ ಹಿಡಕಂಡಂಗೆ ಆಗ್ತು" ಅಂದರು.

ಅವರು ಹೇಳಿದ್ದು ಅಕ್ಷರಶಃ ನಿಜವಾಗಿತ್ತು. ಅವರ ಕಿವಿಗೆ ನಾನು ಕಂಪ್ರೆಸರ್ ದಾಟಿದ ಸ್ವರವನ್ನು ಕಳಿಸುತ್ತಿದ್ದೆ. ಅವರು ಏರಿಸಿದಷ್ಟೂ ಪೆಟ್ಟಿಗೆ ತಗ್ಗಿಸುತ್ತಿತ್ತು. ತಾನು ಹಾಕಿದ ಬಲ ಕಿವಿಗೆ ತಿರುಗಿ ಬರದಿದ್ದರೆ ಹಾಡುವವರು ಇನ್ನಷ್ಟು ಬಲ ಹಾಕುತ್ತಾರೆ. ಅಂಥ ಕಂಠವನ್ನು ನನ್ನ ಕೈಯಾರೆ ದಣಿಸಿದೆನಲ್ಲ ಎಂಬ ಸಂಕಟ ಇವತ್ತಿಗೂ ಇದೆ.

ಪ್ರಿಆಂಪಿನ ಹಿಂದೆ ಎರಡು ಔಟ್‌ಪುಟ್ ಇದ್ದವು. ಒಂದನ್ನು ನೇರ ಇಂಟರ್‌ಫೇಸಿನ ಒಂದನೇ ಚಾನೆಲ್ಲಿಗೆ ಕೊಟ್ಟೆ, ಇನ್ನೊಂದನ್ನು ಕಂಪ್ರೆಸರ್ ಮೂಲಕ ಎರಡನೆಯದಕ್ಕೆ. ಭಾಗವತರ ಹೆಡ್‌ಫೋನಿಗೆ ಒಂದನೆಯದು ಮಾತ್ರ, ಅದೂ ಕಂಪ್ಯೂಟರಿಗೆ ಹೋಗಿ ತಡವಾಗಿ ಬರದ ಹಾಗೆ ಇಂಟರ್‌ಫೇಸಿನಿಂದಲೇ. ಮರುದಿನ ಕೂತವರು ಝಂಪೆಯ ಒಂದು ಪದ್ಯ ಹೇಳಿ, "ಈಗ ಸಮ ಆತು" ಅಂದರು. ಅಲ್ಲಿಂದ ಸಂಜೆಯ ತನಕ ನಿಲ್ಲಿಸಲಿಲ್ಲ.

ತಾಳದ ವಿಷಯವೂ ಹೇಳಬೇಕು. ಭಾಗವತರ ಕೈಯ ತಾಳ ಮೈಕಿಗೆ ಹತ್ತಿರವಿದ್ದರೆ ಕಂಪ್ರೆಸರ್ ಸ್ವರಕ್ಕಲ್ಲ, ತಾಳದ ಏಟಿಗೆ ಹೆದರಿ ಒತ್ತತೊಡಗುತ್ತದೆ. ಪ್ರತಿ ಏಟಿಗೂ ಪದ್ಯ ಒಂದಿಷ್ಟು ಕುಸಿಯುತ್ತದೆ. ಮೈಕನ್ನು ಗಲ್ಲದ ಕೆಳಗಿನಿಂದ ಬಾಯಿಯ ಕಡೆಗೆ ಮೇಲ್ಮುಖವಾಗಿ ಇಟ್ಟರೆ ಅದರ ಬೆನ್ನು ಕೈಗಳ ಕಡೆಗಿರುತ್ತದೆ. ಕಾರ್ಡಿಯಾಯ್ಡ್ ಮೈಕ್ ಬೆನ್ನ ಹಿಂದಿನದನ್ನು ಬಹಳ ಕಡಿಮೆ ಕೇಳುತ್ತದೆ.

'ಗುಂಯ್' ಅನ್ನುವ ಹಮ್ ಬಂದರೆ ಪ್ರಿಆಂಪಿಗೆ ಬೈಯುವ ಮೊದಲು ಅರ್ಥಿಂಗ್ ನೋಡಿ. ಎಲ್ಲ ಪೆಟ್ಟಿಗೆಗಳನ್ನೂ ಒಂದೇ ಎಕ್ಸ್‌ಟೆನ್ಶನ್ ಬೋರ್ಡಿಗೆ ಹಾಕಿ, ಲ್ಯಾಪ್‌ಟಾಪನ್ನು ಬ್ಯಾಟರಿಯಲ್ಲಿ ಓಡಿಸಿದಾಗ ನನ್ನದು ಮುಕ್ಕಾಲು ಹೋಯಿತು.

ಆ ಹಿರಿಯರ ಎಂಟು ಪದ್ಯಗಳನ್ನು ಆಮೇಲೆ ಕೂತು ಕೇಳಿದೆ. ಕರುಣದ ಒಂದು ಪದ್ಯದ ಕೊನೆಗೆ ಅವರು ಆಲಾಪನೆಯನ್ನು ಮೆಲ್ಲಗೆ ಎತ್ತಿಕೊಂಡು, ತುದಿಯಲ್ಲಿ ಒಮ್ಮೆಲೇ ಬಿಟ್ಟಿದ್ದರು. ಎರಡನೇ ಟ್ರ್ಯಾಕಿನಲ್ಲಿ ಕಂಪ್ರೆಸರ್ ಆ ತುದಿಯನ್ನು ಮೂರೇ ಡೆಸಿಬೆಲ್ ತಗ್ಗಿಸಿತ್ತು, ಅಷ್ಟಕ್ಕೇ ಅದು ಎಲ್ಲ ಆಲಾಪನೆಗಳ ಹಾಗೆ ಕೇಳುತ್ತಿತ್ತು. ಆ ಹನ್ನೊಂದು ಸೆಕೆಂಡಿಗೆ ಒಂದನೇ ಟ್ರ್ಯಾಕ್ ಹಾಕಿದೆ. ಉಳಿದ ಕಡೆಯೆಲ್ಲ ಎರಡನೆಯದೇ ಇದೆ.