ಒಂದು ಗಂಟೆಯಲ್ಲಿ ಎರಡು ಟ್ರೋಪೋನಿನ್: ನನ್ನ ಅನುಭವ

ಎದೆನೋವು ಅಂತ ಬಂದವರಿಗೆ ಒಂದು ಗಂಟೆ ಬಿಟ್ಟು ಎರಡನೇ ಟ್ರೋಪೋನಿನ್ (ಹೃದಯಕ್ಕೆ ಪೆಟ್ಟು ಬಿದ್ದರೆ ರಕ್ತದಲ್ಲಿ ಏರುವ ಪ್ರೋಟೀನ್) ತೆಗೆಯುವುದು ನಮ್ಮ ಎಮರ್ಜೆನ್ಸಿಯಲ್ಲಿ ಆಗದ ಮಾತು ಅಂತ ಹಿರಿಯರು ಹೇಳಿದ್ದರು. ಲ್ಯಾಬ್‌ನವರು ನಕ್ಕಿದ್ದರು. ಈಗ ನೈಟ್ ಡ್ಯೂಟಿಯಲ್ಲಿ ಅವರೇ ಫೋನ್ ಮಾಡಿ "ಎರಡನೇ ಸ್ಯಾಂಪಲ್ ಎಲ್ಲಿ?" ಅಂತ ಕೇಳುತ್ತಾರೆ.

ಮೊದಲು ನಮ್ಮ ಹತ್ತಿರ ಇದ್ದದ್ದು ಕಾರ್ಡ್ ಕಿಟ್, ಟ್ರೋಪೋನಿನ್ ಇದ್ದರೆ ಗೆರೆ ಮೂಡುವ ಟೆಸ್ಟ್. ನೋವು ಶುರುವಾಗಿ ಒಂದೆರಡು ಗಂಟೆಗೇ ಬಂದವರಲ್ಲಿ ಎಷ್ಟೋ ಸಲ ಗೆರೆಯೇ ಮೂಡುತ್ತಿರಲಿಲ್ಲ. ಆರು ಗಂಟೆ ಬಿಟ್ಟು ಇನ್ನೊಂದು ಕಾರ್ಡ್, ಅಲ್ಲಿವರೆಗೆ ಬೆಡ್ ಚಾರ್ಜ್. ಅಗ್ಗ ಅಂತ ತಂದದ್ದು ಕೊನೆಗೆ ದುಬಾರಿ ಆಯಿತು.

ಆಮೇಲೆ ತುಂಬಾ ಸಣ್ಣ ಪ್ರಮಾಣವನ್ನೂ ಹಿಡಿಯುವ ಮಷಿನ್ ಟೆಸ್ಟ್, ಹೈ ಸೆನ್ಸಿಟಿವಿಟಿ ಟ್ರೋಪೋನಿನ್ ಟಿ ಬಂತು. ಆಗ ಉಲ್ಟಾ ತೊಂದರೆ. ನಾರ್ಮಲ್‌ನ ಗೆರೆ 14 (ಲೀಟರ್‌ಗೆ ನ್ಯಾನೋಗ್ರಾಂ ಲೆಕ್ಕ) ದಾಟಿದವರೆಲ್ಲ ಅಡ್ಮಿಟ್. ವಯಸ್ಸಾದವರು, ಕಿಡ್ನಿ ಕೆಟ್ಟವರು, ಸೋಂಕು ಮೈಗೆಲ್ಲ ಏರಿದ ಸೆಪ್ಸಿಸ್‌ನವರು, ಯಾರನ್ನೂ ಬಿಡಲಿಲ್ಲ. ಆಂಜಿಯೋದಲ್ಲಿ ಏನೂ ಸಿಗದವರು ಬೇಕಾದಷ್ಟು. ಮಷಿನ್‌ಗೆ ಹಾಕಿದ ದುಡ್ಡು ದಂಡ ಅಂತ ಆಡಳಿತದವರು ಗೊಣಗಿದರು.

ನಾನು ತಂದ ನಿಯಮ ಒಂದೇ. ನೋವು ಶುರುವಾದ ಸಮಯ ಮತ್ತು ರಕ್ತ ತೆಗೆದ ಸಮಯ, ಇವೆರಡನ್ನೂ ಬರೆಯದೆ ಯಾರೂ ರಿಪೋರ್ಟ್ ಓದುವ ಹಾಗಿಲ್ಲ. ನೋವು ಬಂದು ಮೂರು ಗಂಟೆ ದಾಟಿ, ಇಸಿಜಿ ಸರಿಯಿದ್ದು, ಮೊದಲ ಟಿ 5ಕ್ಕಿಂತ ಕಡಿಮೆ ಇದ್ದರೆ ಅಲ್ಲಿಗೆ ಮುಗಿಯಿತು. ಇಲ್ಲದಿದ್ದರೆ ಒಂದು ಗಂಟೆಗೆ ಎರಡನೆಯದು. ಮೊದಲನೆಯದು 12ಕ್ಕಿಂತ ಕಡಿಮೆ, ವ್ಯತ್ಯಾಸ 3ಕ್ಕಿಂತ ಕಡಿಮೆ ಇದ್ದರೆ ಹಾರ್ಟ್ ಅಟ್ಯಾಕ್ ಅಲ್ಲ ಅಂತ ಧೈರ್ಯವಾಗಿ ಹೇಳಬಹುದು. 52 ದಾಟಿದರೆ ಅಥವಾ 5ರಷ್ಟು ಏರಿದರೆ ಕಾರ್ಡಿಯಾಲಜಿಗೆ ಫೋನ್. ಇನ್ನೊಂದು ಬಗೆಯಾದ ಟ್ರೋಪೋನಿನ್ ಐ ಮಾಡುವವರು ಈ ನಂಬರ್‌ಗಳನ್ನು ಸುಮ್ನೆ ಎತ್ತಿಕೊಳ್ಳಬೇಡಿ. ಒಂದೊಂದು ಕಂಪನಿಯ ಟೆಸ್ಟ್‌ಗೆ ಒಂದೊಂದು ಲೆಕ್ಕ. ಎಸ್‌ಟಿ ಭಾಗ ಇಸಿಜಿಯಲ್ಲಿ ಎತ್ತಿ ನಿಂತಿದ್ದರೆ (ರಕ್ತನಾಳ ಕಟ್ಟಿದ ಗುರುತು) ಟ್ರೋಪೋನಿನ್‌ಗೆ ಕಾಯುವ ಮಾತೇ ಇಲ್ಲ, ಅದು ನಿಮಗೆ ಗೊತ್ತೇ ಇದೆ.

ನಿಜವಾದ ಲಾಭ ಸಿಕ್ಕಿದ್ದು ಡಯಾಲಿಸಿಸ್ ರೋಗಿಗಳಲ್ಲಿ. ಒಬ್ಬರಿಗೆ ಟಿ 60ರ ಆಸುಪಾಸು, ಗಂಟೆ ಬಿಟ್ಟು ಮತ್ತೆ ಅಷ್ಟೇ. ಹಳೇ ಫೈಲ್ ತೆಗೆದರೆ ತಿಂಗಳುಗಳಿಂದ ಅದೇ ಲೆವೆಲ್! ಇಂಥವರಿಗೆ ಈಗ 52ರ ಗೆರೆ ಹಿಡಿಯುವುದಿಲ್ಲ. ಮೂರನೇ ಗಂಟೆಗೆ ಇನ್ನೊಂದು ತೆಗೆದು, ಶೇಕಡಾ 20ಕ್ಕಿಂತ ಜಾಸ್ತಿ ಏರಿದೆಯಾ ಅಂತ ನೋಡುತ್ತೇನೆ. ಸ್ನಾಯು ರೋಗ ಇದ್ದ ಇನ್ನೊಬ್ಬರಲ್ಲಿ ಟಿ ಮೇಲೇ ಕೂತಿತ್ತು. ಹೊರಗಿನ ಲ್ಯಾಬ್‌ನಲ್ಲಿ ಟ್ರೋಪೋನಿನ್ ಐ ಮಾಡಿಸಿದೆ, ನಾರ್ಮಲ್. ಆ ಒಂದು ಟೆಸ್ಟ್‌ನ ಖರ್ಚು ಒಂದು ಆಂಜಿಯೋ ಉಳಿಸಿತು. ಸೆಪ್ಸಿಸ್, ಪಲ್ಮನರಿ ಎಂಬಾಲಿಸಂ (ಶ್ವಾಸಕೋಶದ ರಕ್ತನಾಳದಲ್ಲಿ ಗಡ್ಡೆ), ಓಡುವ ಹಾರ್ಟ್‌ರೇಟ್ ಇವುಗಳಲ್ಲಿ ಏರಿಳಿತವೂ ಕಾಣುತ್ತದೆ. ಹೃದಯಕ್ಕೆ ಪೆಟ್ಟು ಬಿದ್ದಿದೆ ಅಂತ ಅಷ್ಟೇ ಅದು ಹೇಳುವುದು. ರಕ್ತನಾಳ ಕಟ್ಟಿದೆಯಾ ಅನ್ನುವುದಕ್ಕೆ ರೋಗಿಯನ್ನೇ ನೋಡಬೇಕು.

ಮಧ್ಯೆ ಒಂದು ಚಪಲ. ಒಂದೇ ಟ್ಯೂಬನ್ನು ಮಷಿನ್‌ಗೆ ಎರಡು ಸಲ ಹಾಕಿಸಿದೆ. ಒಂದು, ಕೆಲವೊಮ್ಮೆ ಎರಡರ ತನಕ ವ್ಯತ್ಯಾಸ ಬಂತು. ಅಷ್ಟಕ್ಕೇ "ಏರುತ್ತಿದೆ" ಅನ್ನುವವರಿಗೆ ಈಗ ಅದನ್ನೇ ತೋರಿಸುತ್ತೇನೆ. ಇನ್ನೊಂದು ವಿಷಯ, ಡ್ರಿಪ್‌ಗೆ ಹಾಕಿದ ಕ್ಯಾನುಲಾದಿಂದ ಎಳೆದ ರಕ್ತ ಜಾಸ್ತಿ ಹಿಮೊಲೈಸ್ ಆಗುತ್ತದೆ, ಅಂದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಆಗ ಟಿ ಸುಳ್ಳೇ ಕಡಿಮೆ ತೋರಿಸಬಹುದು. ಕೆಂಪು ಸೀರಂ ಬಂದರೆ ನಂಬರ್ ಎಷ್ಟೇ ಚೆನ್ನಾಗಿರಲಿ, ನಾನು ಮತ್ತೆ ಚುಚ್ಚಿಸುತ್ತೇನೆ.

ಉಸಿರಾಟದ ತೊಂದರೆಯವರಲ್ಲಿ ಹೃದಯದ ಮೇಲಿನ ಒತ್ತಡ ತೋರಿಸುವ ಇನ್ನೊಂದು ರಕ್ತಪರೀಕ್ಷೆ, ಎನ್‌ಟಿ ಪ್ರೋಬಿಎನ್‌ಪಿ ಹಾಕುತ್ತೇನೆ. 300ಕ್ಕಿಂತ (ಮಿಲಿಲೀಟರ್‌ಗೆ ಪಿಕೋಗ್ರಾಂ ಲೆಕ್ಕ) ಕಡಿಮೆ ಇದ್ದರೆ ಹಾರ್ಟ್ ಫೇಲ್ಯೂರ್ ಬಿಟ್ಟು ಬೇರೆ ಕಾರಣ ಹುಡುಕುವುದು. ತುಂಬಾ ದಪ್ಪ ಇದ್ದವರಲ್ಲಿ ಮಾತ್ರ ಕಡಿಮೆ ನಂಬರ್ ನೋಡಿ ನಿರಾಳ ಆಗಬೇಡಿ. ಹಾರ್ಟ್ ಫೇಲ್ಯೂರ್‌ಗೆ ಸ್ಯಾಕುಬಿಟ್ರಿಲ್ ಮಾತ್ರೆ ತಗೊಳ್ಳುವವರಿಗೆ ಇದರ ಬದಲು ಬರೀ ಬಿಎನ್‌ಪಿ ಮಾಡಿಸಬೇಡಿ, ಆ ಮಾತ್ರೆಯಿಂದಲೇ ಅದು ಏರುತ್ತದೆ.

ಎರಡನೇ ಸ್ಯಾಂಪಲ್ ತಪ್ಪದ ಹಾಗೆ ನರ್ಸ್‌ಗಳ ಜೊತೆ ಸೇರಿ ಒಂದು ಉಪಾಯ ಮಾಡಿಕೊಂಡಿದ್ದೇವೆ. ಅದು ಸದ್ಯಕ್ಕೆ ನಮ್ಮಲ್ಲೇ ಇರಲಿ. ಎದೆನೋವಿನವರಲ್ಲಿ ಅರ್ಧಕ್ಕಿಂತ ಜಾಸ್ತಿ ಜನ ಈಗ ಮೂರು ಗಂಟೆಯೊಳಗೆ ಮನೆಗೆ ಹೋಗುತ್ತಿದ್ದಾರೆ. ಅಟ್ಯಾಕ್ ಹೌದು ಅಂತಲೂ ಅಲ್ಲ ಅಂತಲೂ ಹೇಳಲಾಗದೆ ನಡುವೆ ಸಿಕ್ಕಿಕೊಂಡವರಿಗೆ ಮೂರನೇ ಟ್ರೋಪೋನಿನ್ ಜೊತೆ ಎಕೋ (ಹೃದಯದ ಸ್ಕ್ಯಾನ್). ಅದನ್ನು ಬಿಲ್‌ಗೆ ಸೇರಿಸಬೇಕಾ ಬೇಡವಾ ಅಂತ ಅಕೌಂಟ್ಸ್‌ನವರ ಜೊತೆ ಜಗಳ ಇನ್ನೂ ನಡೆಯುತ್ತಿದೆ.